ಸಂಜೆ 6ರ ಉಪನ್ಯಾಸ ಬೆಳಿಗ್ಗೆ 11ಕ್ಕೆ ಬಂದಿದ್ದು ಹೇಗೆ?

ಬಾಗಲಕೋಟೆಯ ಸಣ್ಣ ಕಾಲೇಜುಗಳಲ್ಲಿ ಈಗಲೂ ಸಾರ್ವಜನಿಕ ಉಪನ್ಯಾಸಗಳು ನಡೆಯುತ್ತವೆ. ಬ್ಯಾನರ್ ಇರುತ್ತದೆ, ಶಾಲು-ಹಾರ ಇರುತ್ತದೆ, ಊರಿನ ಜನ ಮಾತ್ರ ಇರುವುದಿಲ್ಲ. ‘ನಮ್ಮನ್ನ ಕರೆಯೋದೇ ಇಲ್ಲ’ ಅಂತ ಊರಿನವರು. ‘ಕರೆದರೂ ಬರೋದಿಲ್ಲ’ ಅಂತ ಕಾಲೇಜಿನವರು. ‘ಹಾಜರಿಗೆ ಅಂತ ಕೂಡಿಸ್ತಾರೆ’ ಅಂತ ಹುಡುಗರು. ಯಾರ ಮಾತೂ ಪೂರ್ತಿ ಸುಳ್ಳಲ್ಲ.

ಈ ರೂಢಿ ಹಳೆಯದು. 1875ರಲ್ಲಿ ಪುಣೆಯಲ್ಲಿ ನ್ಯಾಯಮೂರ್ತಿ ರಾನಡೆ ‘ವಸಂತ ವ್ಯಾಖ್ಯಾನಮಾಲೆ’ ಎಂಬ ಉಪನ್ಯಾಸ ಸರಣಿ ಶುರು ಮಾಡಿದರು. 1956ರವರೆಗೆ ನಾವೂ ಮುಂಬೈ ಆಡಳಿತದಲ್ಲೇ ಇದ್ದೆವಲ್ಲ, ಆ ಗಾಳಿ ಇಲ್ಲಿಗೂ ಬೀಸಿತು. ಮಠಗಳಲ್ಲಿ ಶಿವಾನುಭವ ಗೋಷ್ಠಿಗಳು, ಅಂದರೆ ಧರ್ಮ-ವಚನಗಳ ಮೇಲಿನ ಮಾತುಕತೆಗಳು, ಇದ್ದವು. ಶಿಕ್ಷಣ ಸಂಸ್ಥೆಗಳು, ಅವುಗಳ ಹಿಂದೆ ಕಾಲೇಜುಗಳು ಬಂದ ಮೇಲೆ ಎರಡೂ ಒಂದೇ ವೇದಿಕೆಗೆ ಸೇರಿದವು.

90ರ ದಶಕದಲ್ಲಿ ನಾನು ವಿದ್ಯಾರ್ಥಿ. ಗೇಟಿನ ಹೊರಗೆ ಕರಿಹಲಗೆ ಮೇಲೆ ಸುಣ್ಣದ ಕಡ್ಡಿಯಿಂದ ವಿಷಯ ಬರೆದಿಟ್ಟರೆ ಮುಗಿಯಿತು. ಸಂಜೆ 6ಕ್ಕೆ ಅಂಗಡಿಯವರು ಗಲ್ಲಾ ಮಗನಿಗೆ ಒಪ್ಪಿಸಿ ಬರುತ್ತಿದ್ದರು. ನಿವೃತ್ತ ಮಾಸ್ತರರು, ವಕೀಲರು, ನೇಕಾರರು ಬರುತ್ತಿದ್ದರು. ಭಾಷಣ ಒಂದು ತಾಸು, ಪ್ರಶ್ನೆ ಒಂದೂವರೆ ತಾಸು. ಒಮ್ಮೆ ಕೃಷ್ಣಾ ಕಣಿವೆಯ ಇತಿಹಾಸದ ಬಗ್ಗೆ ಉಪನ್ಯಾಸ ಇತ್ತು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ‘ಸರ, ಅದೆಲ್ಲಾ ಖರೆ. ನಮ್ಮ ಮನಿ ಮುಳುಗತೈತೇನು?’ ಅಂದರು. ಉಪನ್ಯಾಸಕರು ನೀರು ಕುಡಿದು, ಕನ್ನಡಕ ಒರೆಸಿ, ‘ಗೊತ್ತಿಲ್ಲರಿ’ ಅಂದರು. ಅವತ್ತು ಚಹಾ ಆರಿ ಹೋದರೂ ಯಾರೂ ಏಳಲಿಲ್ಲ.

ಮುಳುಗಿತು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಿದಾಗ ಘಟಪ್ರಭೆಯ ಹಿನ್ನೀರು ಹಳೇ ಊರಿನ ತಗ್ಗಿನ ಓಣಿಗಳಿಗೆ ಬಂತು. ಅಕ್ಕಪಕ್ಕ ಕೂಡುತ್ತಿದ್ದವರು, ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಹೋದರು. ಸಂಜೆ ಸೇರುವ ರೂಢಿ ಅಲ್ಲೇ ಹರಿಯಿತು. ಈಗ 524.256 ಮೀಟರ್‌ಗೆ ಏರಿಸುವ ಮಾತಿದೆ. ಆ ಅಣ್ಣನ ಪ್ರಶ್ನೆಗೆ ಈಗಲೇ ಜಾಸ್ತಿ ಬೆಲೆ, ಅಲ್ವಾ?

ಆಮೇಲೆ ನ್ಯಾಕ್ ಬಂತು. 1994ರಲ್ಲಿ ಹುಟ್ಟಿದ ಈ ಸಂಸ್ಥೆ ಕಾಲೇಜುಗಳ ಗುಣಮಟ್ಟ ಅಳೆಯುತ್ತದೆ. ‘ವಿಸ್ತರಣಾ ಚಟುವಟಿಕೆ’ಗೂ, ಅಂದರೆ ಕಾಲೇಜು ಊರಿನ ಜನರ ಜೊತೆ ಮಾಡುವ ಕೆಲಸಕ್ಕೂ, ಅಂಕ ಉಂಟು. ಒಳ್ಳೆಯದೇ. ಆದರೆ ಅಂಕಕ್ಕೆ ದಾಖಲೆ ಬೇಕು. ವರದಿ, ಹಾಜರಿ ಪಟ್ಟಿ, ಸ್ಥಳ-ಸಮಯ ಮೂಡಿದ ಫೋಟೊ. ಇವೆಲ್ಲ ಸುಲಭವಾಗಿ ಸಿಗುವುದು ಬೆಳಿಗ್ಗೆ 11ಕ್ಕೆ, ಕ್ಲಾಸಿನಲ್ಲಿ ಇರುವ ಹುಡುಗರನ್ನೇ ಎಬ್ಬಿಸಿ ತಂದರೆ. ಹಳ್ಳಿಯಿಂದ ಬರುವ ಹುಡುಗಿಯರಿಗೆ ಸಂಜೆ ಬಸ್ಸು ತಪ್ಪುತ್ತದೆ ಎನ್ನುವುದೂ ನಿಜ. ಅಂಗಡಿಯವನಿಗೆ ಮಾತ್ರ 11 ಗಂಟೆ ಅಂದರೆ ಗಿರಾಕಿ ಹೊತ್ತು.

2020ರಲ್ಲಿ ಎಲ್ಲವೂ ವೆಬಿನಾರ್ ಆಯಿತು. ಫಾರ್ಮ್ ತುಂಬಿದರೆ ಸರ್ಟಿಫಿಕೇಟ್, ಕೇಳಿದರೋ ಇಲ್ಲವೋ ಬೇರೆ ಮಾತು.

ಜನಕ್ಕೆ ಕೇಳುವ ಆಸಕ್ತಿಯೇ ಇಲ್ಲ ಅನ್ನುವವರಿದ್ದಾರೆ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಪ್ರವಚನಕ್ಕೆ ಮುಂಜಾನೆಯ ಚಳಿಯಲ್ಲಿ ಸಾವಿರಾರು ಜನ ನೆಲದ ಮೇಲೆ ಕೂತಿದ್ದನ್ನು ಇದೇ ಜಿಲ್ಲೆಗಳು ಕಂಡಿವೆ.

ಮೊನ್ನೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಹೊರಗಿನವರು ನಾನು ಮತ್ತು ಒಬ್ಬ ಅಜ್ಜ, ಇಬ್ಬರೇ. ಬಾಗಿಲಲ್ಲಿ ರಿಜಿಸ್ಟರ್ ಕೊಟ್ಟರು. ಹೆಸರು, ಕ್ಲಾಸು, ರೋಲ್ ನಂಬರ್, ಸಹಿ ಅಂತ ಕಾಲಂ. ಅಜ್ಜ ಸ್ವಲ್ಪ ಹೊತ್ತು ನೋಡಿ, ರೋಲ್ ನಂಬರ್ ಜಾಗದಲ್ಲಿ ತಮ್ಮ ಮೊಬೈಲ್ ನಂಬರ್ ಬರೆದು ಒಳಗೆ ಹೋದರು.