ಫ್ರಿಜ್‌ನಲ್ಲಿಟ್ಟ ಟುಲಿಪ್ ಗಡ್ಡೆ ಬೆಳಗಾವಿಯಲ್ಲಿ ವರ್ಷವರ್ಷವೂ ಹೂ ಬಿಡುತ್ತದಾ?

ಪ್ರಶ್ನೆ: "ದಸರಾ ಮುಗೀತ್ರಿ. ಈಗ ಅಂಗಳದಾಗ ಯಾವ ಹೂವಿನ ಗಡ್ಡಿ ಹಚ್ಚಬೇಕು? ಆನ್‌ಲೈನ್‌ನ್ಯಾಗ ಟುಲಿಪ್ ತರಿಸೇನಿ. ಫ್ರಿಜ್‌ನ್ಯಾಗ ಇಟ್ಟು ಹಚ್ಚಿದ್ರ ವರ್ಷಾ ಹೂ ಬಿಡ್ತದೇನ್ರಿ?" – ಟಿಳಕವಾಡಿಯ ಓದುಗರು

ಇಲ್ಲ, ವರ್ಷವೂ ಬಿಡುವುದಿಲ್ಲ. ಒಂದು ಸಲ ಬಿಟ್ಟರೆ ಅದೇ ದೊಡ್ಡದು. ದಸರೆಯಿಂದ ದೀಪಾವಳಿವರೆಗೆ ನನಗೆ ಜಾಸ್ತಿ ಬರುವುದು ಇದೇ ಪ್ರಶ್ನೆ. ಎರಡು ಸಾಲಿನ ಉತ್ತರ ಯಾರಿಗೂ ನೆನಪಿರುತ್ತಿಲ್ಲ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ಈ ನಂಬಿಕೆ ಶುರುವಾಗುವುದೇ "ನಮ್ಮ ಬೆಳಗಾವಿ ತಂಪು ಊರು ಅಲ್ವಾ" ಅನ್ನುವುದರಿಂದ. ತಂಪು ಹೌದು. ವಿಜಯಪುರದವರನ್ನು ಕೇಳಿದರೆ ಇನ್ನೂ ಜೋರಾಗಿ ಹೌದು ಅಂತಾರೆ. ಆದರೆ ಜನವರಿಯಲ್ಲೂ ಇಲ್ಲಿ ರಾತ್ರಿ ಸುಮಾರು 14 ಡಿಗ್ರಿ, ಮಧ್ಯಾಹ್ನ 29–30. ನಮಗೆ ಸ್ವೆಟರ್ ಹಾಕಿಕೊಳ್ಳಲು ಅಷ್ಟು ಚಳಿ ಸಾಕು. ಟುಲಿಪ್‌ಗೆ ಅದು ಲೆಕ್ಕಕ್ಕೇ ಇಲ್ಲ. ಅದರ ಮೂಲ ಮಧ್ಯ ಏಷ್ಯಾದ ಬೆಟ್ಟಗಳು. 9 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ಹಗಲೂ ರಾತ್ರಿ ಬೇಕು, ಅದೂ 12ರಿಂದ 16 ವಾರ.

"ಅದಕ್ಕೇ ಫ್ರಿಜ್ ಇದೆಯಲ್ಲ" ಅಂತೀರಿ. ಗೊಂದಲ ಇರುವುದೇ ಅಲ್ಲಿ. ಒಂದು ಗಡ್ಡೆ ಹೋದರೂ ಅಡ್ಡಿಯಿಲ್ಲ ಅನ್ನುವುದಾದರೆ ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿ. ದಪ್ಪ ಬಿಳಿ ಪದರಗಳ ನಟ್ಟನಡುವೆ, ಬುಡಕ್ಕೆ ಅಂಟಿಕೊಂಡು, ಕೆಲವೇ ಮಿಲಿಮೀಟರ್ ಉದ್ದದ ಹಳದಿ ಹಸಿರು ಮೊಗ್ಗು ಕೂತಿರುತ್ತದೆ. ಭೂತಗನ್ನಡಿ ಹಿಡಿದರೆ ಎಸಳು, ಕೇಸರ ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಅಂದರೆ ಗಡ್ಡೆ ನಿಮ್ಮ ಮನೆಗೆ ಬರುವ ಮೊದಲೇ ಹೂವು ಕಟ್ಟಿಯಾಗಿದೆ. ಹೋದ ವಸಂತದಲ್ಲಿ ಹಾಲೆಂಡಿನ ಹೊಲದಲ್ಲಿ ಎಲೆಗಳು ಕೂಡಿಟ್ಟ ಆಹಾರದಿಂದ ಕಟ್ಟಿದ ಹೂವದು. ಫ್ರಿಜ್‌ನ ಚಳಿ ಅದರ ದಂಟನ್ನು ಎಬ್ಬಿಸುತ್ತದೆ, ಅಷ್ಟೇ.

ಟುಲಿಪ್ ಗಡ್ಡೆ ಅಂದರೆ ಬೇರೆ ಊರಿನಲ್ಲಿ ಕಟ್ಟಿಕೊಟ್ಟ ಬುತ್ತಿ. ಹೂ ಬಿಡುವಷ್ಟರಲ್ಲಿ ಅದು ಖಾಲಿ. ಹಳೆ ಗಡ್ಡೆ ಕರಗಿ ಹೋಗುತ್ತದೆ, ಅದರ ಜಾಗದಲ್ಲಿ ಮರಿಗಡ್ಡೆಗಳು ಹುಟ್ಟುತ್ತವೆ. ಆ ಮರಿಗಳು ತುಂಬಿಕೊಳ್ಳಬೇಕಾದರೆ ಹೂ ಮುಗಿದ ಮೇಲೆ ಎಲೆಗಳು ಆರೇಳು ವಾರ ತಂಪಿನಲ್ಲಿ ಹಸಿರಾಗಿ ಉಳಿಯಬೇಕು. ಈಗ ನಮ್ಮ ತಿಂಗಳು ಲೆಕ್ಕ ಹಾಕಿ. ಅಕ್ಟೋಬರ್ ಕೊನೆಗೆ ಫ್ರಿಜ್‌ಗೆ ಇಟ್ಟರೆ 12 ವಾರ ಮುಗಿಯುವುದು ಜನವರಿ ಕೊನೆಗೆ. ಹೂ ಬರುವ ಹೊತ್ತಿಗೆ ಶಿವರಾತ್ರಿ ಬಂದಿರುತ್ತದೆ, ಬಿಸಿಲು ಏರಿರುತ್ತದೆ. ದಂಟು ಗಿಡ್ಡ, ಹೂವು ಎರಡು ಮೂರು ದಿನಕ್ಕೆ ಜೋತು ಬೀಳುತ್ತದೆ, ಎಲೆ ಮಾರ್ಚ್ ಬಿಸಿಲಿಗೆ ಸುಡುತ್ತದೆ. ಮರಿಗಡ್ಡೆಗೆ ಊಟವೇ ಸಿಗಲಿಲ್ಲ. ಅದನ್ನು ಮತ್ತೆ ಎಷ್ಟು ತಿಂಗಳು ಫ್ರಿಜ್‌ನಲ್ಲಿಟ್ಟರೂ ಮುಂದಿನ ವರ್ಷ ಬರುವುದು ಒಂದೇ ಒಂದು ಎಲೆ.

ದೆಹಲಿಯಲ್ಲಿ ಬರುತ್ತದಲ್ಲ ಅಂತ ಫೋಟೊ ಕಳಿಸುತ್ತೀರಿ. ಅಲ್ಲಿ ಚಳಿಗಾಲಕ್ಕೆ ಹಾಲೆಂಡಿನಿಂದ ಗಡ್ಡೆ ತರಿಸಿ ಡಿಸೆಂಬರ್‌ನಲ್ಲಿ ಹಚ್ಚುತ್ತಾರೆ, ಫೆಬ್ರುವರಿಯಲ್ಲಿ ಹೂ ನೋಡುತ್ತಾರೆ. ಮುಂದಿನ ವರ್ಷಕ್ಕೆ ಬಹುಪಾಲು ಮತ್ತೆ ಹೊಸ ಗಡ್ಡೆ. ಶ್ರೀನಗರದ ಟುಲಿಪ್ ತೋಟದ ಮಾತೇ ಬೇರೆ, ಅಲ್ಲಿ ಹಿಮ ಬೀಳುವಷ್ಟು ಚಳಿ ಮಣ್ಣಿನಲ್ಲೇ ಸಿಗುತ್ತದೆ.

ತರಿಸಿಬಿಟ್ಟಿದ್ದೀರಿ, ಬಿಸಾಡಬೇಡಿ. ಕಾಗದದ ಚೀಲದಲ್ಲಿ ಹಾಕಿ ತರಕಾರಿ ಡಬ್ಬಿಯಲ್ಲಿಡಿ. ಸೇಬು, ಬಾಳೆಹಣ್ಣು ಅದೇ ಫ್ರಿಜ್‌ನಲ್ಲಿ ಬೇಡ. ಹಣ್ಣಿನಿಂದ ಬರುವ ಎಥಿಲೀನ್ ಗಾಳಿ ಒಳಗಿನ ಮೊಗ್ಗನ್ನೇ ಕೊಲ್ಲುತ್ತದೆ. ಆಮೇಲೆ ನೆರಳಿನ ಕುಂಡದಲ್ಲಿ ಹಚ್ಚಿ ಒಂದು ಸಲದ ಹೂ ನೋಡಿ ಖುಷಿಪಡಿ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಈಗ ಏನು ಹಚ್ಚಬೇಕು? ನನ್ನನ್ನು ಕೇಳಿದರೆ ಗ್ಲಾಡಿಯೋಲಸ್. ಇವತ್ತಿನ ತಳಿಗಳ ಮೂಲ ಹೆಚ್ಚಾಗಿ ಆಫ್ರಿಕಾ, ಫ್ರಿಜ್‌ನ ಹಂಗಿಲ್ಲ. ಚಿತ್ತಾ ಮಳೆ ಕಳೆದು ನೆಲ ಸ್ವಲ್ಪ ಆರಿದ ಮೇಲೆ ಎರಡು ಮೂರು ಇಂಚು ಆಳಕ್ಕೆ, ಗೇಣು ಅಂತರದಲ್ಲಿ ಹಚ್ಚಿ. ತಳಿ ನೋಡಿಕೊಂಡು 70ರಿಂದ 90 ದಿನಕ್ಕೆ ಹೂ. ಎಲ್ಲವನ್ನೂ ಒಂದೇ ದಿನ ಹಚ್ಚಬೇಡಿ. ಹದಿನೈದು ದಿನಕ್ಕೊಮ್ಮೆ ನಾಲ್ಕು ನಾಲ್ಕು ಹಚ್ಚಿದರೆ ಸಂಕ್ರಾಂತಿಯಿಂದ ಹೂ ಸಾಲಾಗಿ ಬರುತ್ತವೆ. ಕೊಳ್ಳುವಾಗ ಅಗಲಕ್ಕೆ ಮರುಳಾಗಬೇಡಿ. ಚಪ್ಪಟೆ ಗಡ್ಡೆಗಿಂತ ನಡುವೆ ಉಬ್ಬಿದ ಗಡ್ಡೆಯೇ ಒಳ್ಳೆಯದು. ಎಲೆಯ ತುದಿ ಸುಟ್ಟಂತೆ ಕಂಡರೆ ಬೋರ್ ನೀರಿನ ಮೇಲೆ ಅನುಮಾನಪಡಿ. ಫ್ಲೋರೈಡ್ ಜಾಸ್ತಿ ಇರುವ ನೀರು ಈ ಗಿಡಕ್ಕೆ ಆಗುವುದಿಲ್ಲ.

ಚೆಂಡು ಹೂ, ಆಸ್ಟರ್, ಪೆಟೂನಿಯಾ, ಡಯಾಂಥಸ್ ಈಗಲೇ ಬೀಜ ಹಾಕಿ. ಶಾವಂತಿಗೆ ಸಸಿ ಬೇಡ. ಹಗಲು ಗಿಡ್ಡವಾದ ಕೂಡಲೇ ಅದು ಮೊಗ್ಗು ಕಟ್ಟುತ್ತದೆ, ಈಗ ಹಚ್ಚಿದರೆ ಗಿಡ ಗೇಣುದ್ದ ಇರುವಾಗಲೇ ಹೂವಾಗಿ ಮುಗಿಯುತ್ತದೆ. ಅದನ್ನು ಹಚ್ಚುವುದು ಮುಂಗಾರಿನಲ್ಲಿ. ಸುಗಂಧರಾಜವನ್ನೂ ಬೇಸಿಗೆಗೆ ಇಟ್ಟುಕೊಳ್ಳಿ.

ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನವರಿಗೆ ಒಂದು ಮಾತು. ಎರೆ ನೀರು ಹಿಡಿದು ಕೂರುತ್ತದೆ, ಬಿಳಿಜೋಳಕ್ಕೆ ಅದು ವರ, ಹೂವಿನ ಗಡ್ಡೆಗೆ ಕೊಳೆ. ಮಡಿಯನ್ನು ಗೇಣು ಎತ್ತರಿಸಿ, ಮರಳು, ತಿಪ್ಪೆಗೊಬ್ಬರ ಬೆರೆಸಿ ಹಚ್ಚಿ. ಮಣ್ಣಿನ ಬಗ್ಗೆ ಅನುಮಾನ ಇದ್ದರೆ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ಬೆಳಗಾವಿ ಜಿಲ್ಲೆಯ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ. ಅಲ್ಲಿ ಕೇಳಿ. ಚಳಿ ದೇಶದ ವಿಡಿಯೊ ನೋಡಿ ತಿಂಗಳು ಗೊತ್ತು ಮಾಡಬೇಡಿ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ಉಳ್ಳಾಗಡ್ಡಿಗೂ ಹೂ ಬಿಡಲು ಚಳಿ ಬೇಕು. ಹಾಗಾದರೆ ಅದು ನಮ್ಮ ಹೊಲದಲ್ಲಿ ಹೇಗೆ ಹೂ ಬಿಡುತ್ತದೆ? ಅದರ ಬಯಕೆ ಸಣ್ಣದು. ಹೆಚ್ಚೂಕಡಿಮೆ 8ರಿಂದ 13 ಡಿಗ್ರಿ ಸಿಕ್ಕರೆ ಸಾಕು, ನಮ್ಮ ಡಿಸೆಂಬರ್ ರಾತ್ರಿಗಳು ಅದರ ಹತ್ತಿರ ಬರುತ್ತವೆ. ನಮ್ಮ ಕಡೆಯ ತಳಿಗಳು ಇಷ್ಟು ಚಳಿಗೇ ಒಪ್ಪಿಕೊಳ್ಳುತ್ತವೆ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆಯೊಡೆದ ನಾಲ್ಕು ಗಡ್ಡಿಗಳನ್ನು ಈಗ ಹಚ್ಚಿ ನೋಡಿ. ಜನವರಿ, ಫೆಬ್ರುವರಿಗೆ ಟೊಳ್ಳು ದಂಟಿನ ತುದಿಯಲ್ಲಿ ಬಿಳಿ ಚೆಂಡು ಅರಳುತ್ತದೆ. ಹತ್ತಿರ ಹೋಗಿ ನೋಡಿದರೆ ನೂರಾರು ಸಣ್ಣ ನಕ್ಷತ್ರಗಳು, ಮೇಲೆಲ್ಲ ಜೇನುನೊಣ. ಆಗ ಔಷಧಿ ಹೊಡೆಯಬೇಡಿ, ನೊಣ ಬರದಿದ್ದರೆ ಬೀಜ ಸರಿಯಾಗಿ ಕಟ್ಟುವುದಿಲ್ಲ. ಸಿಪ್ಪೆ ಬಿರಿದು ಕಪ್ಪು ಕಾಳು ಕಂಡ ಕೂಡಲೇ ಚೆಂಡನ್ನು ಕತ್ತರಿಸಿ ನೆರಳಲ್ಲಿ ಒಣಗಿಸಿ. ಬೀಜವನ್ನು ಬರುವ ಮುಂಗಾರಿಗೇ ಸಸಿ ಮಾಡಿಕೊಳ್ಳಿ, ವರ್ಷ ದಾಟಿದರೆ ಉಳ್ಳಾಗಡ್ಡಿ ಬೀಜ ಸರಿಯಾಗಿ ಮೊಳೆಯುವುದಿಲ್ಲ.