ಕಡಲಿಲ್ಲದ ನಾಡಿನಲ್ಲಿ ಒಂದು ಲೀಟರ್ ಇಂಧನದ ಬೆಲೆ

2009ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಅಧಿಕಾರಿಗಳು ತಮ್ಮ ಸಂಸದರ ಮುಂದೆ ಒಂದು ಲೆಕ್ಕ ಇಟ್ಟರು. ಅಫ್ಘಾನಿಸ್ತಾನದ ಮೂಲೆಯ ಠಾಣೆಗಳಿಗೆ ಒಂದು ಗ್ಯಾಲನ್ ಇಂಧನ ಮುಟ್ಟಿಸಲು 400 ಡಾಲರ್‌ವರೆಗೂ ಖರ್ಚಾಗುತ್ತಿದೆ ಎಂದರು. ಗ್ಯಾಲನ್ ಅಂದರೆ ಮೂರೂ ಮುಕ್ಕಾಲು ಲೀಟರ್ ಚಿಲ್ಲರೆ. ಅಲ್ಲಿಗೆ ಲೀಟರಿಗೆ ನೂರು ಡಾಲರ್ ದಾಟಿತು. ಕೊಂಡ ಬೆಲೆ ಅದರಲ್ಲಿ ಒಂದು ಡಾಲರೂ ಇರಲಿಲ್ಲ. ಉಳಿದದ್ದೆಲ್ಲ ದಾರಿಯ ಖರ್ಚು: ಲಾರಿ, ಕಾವಲು ವಾಹನ, ಹೆಲಿಕಾಪ್ಟರ್, ಅವನ್ನು ಓಡಿಸುವವರು, ಅವರನ್ನು ಕಾಯುವವರು.

ಯುದ್ಧದ ಸುದ್ದಿಯಲ್ಲಿ ನಾವು ಬಂದೂಕು, ಬಾಂಬು, ವಿಮಾನಗಳನ್ನು ನೋಡುತ್ತೇವೆ. ಅಫ್ಘಾನಿಸ್ತಾನದಲ್ಲಿ ಸೇನೆಯ ಕೈ ಕಟ್ಟಿಹಾಕಿದ್ದು ಬಹುಪಾಲು ಈ ದಾರಿಯ ಲೆಕ್ಕವೇ ಎಂಬುದು ನನ್ನ ತಿಳಿವಳಿಕೆ. 2011ರ ಹೊತ್ತಿಗೆ ಅಲ್ಲಿ 1,30,000ಕ್ಕೂ ಹೆಚ್ಚು ವಿದೇಶಿ ಸೈನಿಕರಿದ್ದರು. ಒಬ್ಬ ಸೈನಿಕನ ಹಿಂದೆ ದಿನಕ್ಕೆ 80 ಲೀಟರ್ ಆಸುಪಾಸು ಇಂಧನ ಉರಿಯುತ್ತಿತ್ತು ಎಂಬ ಅಂದಾಜಿದೆ. ಜೀಪು, ವಿಮಾನ, ಜನರೇಟರ್, ಡೇರೆಯ ಹವಾನಿಯಂತ್ರಕ ಎಲ್ಲವೂ ಸೇರಿದ ಲೆಕ್ಕ ಅದು. ಸಾಗಣೆಯ ತೂಕದಲ್ಲಿ ಸಿಂಹಪಾಲು ಇಂಧನ ಮತ್ತು ನೀರಿನದೇ. ಇದೆಲ್ಲ ಬರಬೇಕಾದದ್ದು ಬಂದರೇ ಇಲ್ಲದ ದೇಶಕ್ಕೆ. ಪಾಕಿಸ್ತಾನ, ಇರಾನ್, ತುರ್ಕ್‌ಮೆನಿಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನ, ಚೀನಾ ಸುತ್ತುವರಿದ ನಾಡು ಅದು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದರೂ ಇನ್ನೊಬ್ಬರ ಅಂಗಳ ದಾಟಬೇಕು. ನಕ್ಷೆಯಲ್ಲಿ ಇರಾನಿನ ಚಾಬಹಾರ್ ಬಂದರು ಹತ್ತಿರವೇ ಕಾಣುತ್ತದೆ, ಆದರೆ ಅಮೆರಿಕಕ್ಕೂ ಇರಾನಿಗೂ ಇದ್ದ ಹಗೆಯಲ್ಲಿ ಆ ಬಾಗಿಲು ಮೊದಲೇ ಮುಚ್ಚಿತ್ತು.

ದೂರದ ಊರಿಗೆ ಹೊರಟ ಎತ್ತಿನ ಗಾಡಿ ಎತ್ತಿಗೆ ಬೇಕಾದ ಹುಲ್ಲನ್ನೂ ಹೇರಿಕೊಂಡೇ ಹೊರಡಬೇಕು. ಸೇನೆಯ ಪೂರೈಕೆಯ ಗಣಿತವೆಲ್ಲ ಇಲ್ಲಿಂದ ಶುರುವಾಗುತ್ತದೆ. ಒಂದು ಕುದುರೆ 100 ಕಿಲೋ ಹೊರುತ್ತದೆ, ಕಾಳು ಮೇವು ಸೇರಿ ದಿನಕ್ಕೆ 10 ಕಿಲೋ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಏನೂ ಸಿಗದಿದ್ದರೆ ಹತ್ತನೇ ದಿನಕ್ಕೆ ಬೆನ್ನ ಮೇಲಿನ ಹೊರೆ ಪೂರ್ತಿ ಅದರ ಹೊಟ್ಟೆ ಸೇರಿರುತ್ತದೆ. ವಾಪಸು ಬರುವುದನ್ನೂ ಎಣಿಸಿದರೆ ಐದು ದಿನದ ದಾರಿಗೇ ಸೇನೆಗೆ ಉಳಿಯುವುದು ಸೊನ್ನೆ. ಕುದುರೆಗಳ ಸಂಖ್ಯೆ ಹೆಚ್ಚಿಸಿದರೂ ಈ ಎಲ್ಲೆ ಒಂದು ಹೆಜ್ಜೆಯೂ ಮುಂದೆ ಸರಿಯುವುದಿಲ್ಲ. 1839ರಲ್ಲಿ ಬ್ರಿಟಿಷರ ಸೇನೆ ಬೋಲಾನ್ ಕಣಿವೆಯ ಮೂಲಕ ಅಫ್ಘಾನಿಸ್ತಾನಕ್ಕೆ ಹೊರಟಾಗ ಸುಮಾರು 30,000 ಒಂಟೆಗಳಿದ್ದವು, ಸೈನಿಕರಿಗಿಂತ ಎರಡು ಪಟ್ಟಿಗೂ ಹೆಚ್ಚು ಪರಿಚಾರಕರಿದ್ದರು. ಮೇವಿಲ್ಲದೆ ಒಂಟೆಗಳು ದಾರಿಯುದ್ದಕ್ಕೂ ಬಿದ್ದವು. ಕ್ವೆಟ್ಟಾ ಮುಟ್ಟುವಷ್ಟರಲ್ಲಿ ಸೈನಿಕರ ಪಡಿತರ ಅರ್ಧಕ್ಕಿಳಿದಿತ್ತು.

ಲಾರಿಯ ಕಾಲದಲ್ಲಿ ಈ ಲೆಕ್ಕ ಹಗುರವಾಯಿತು, ಮಾಯವಾಗಲಿಲ್ಲ. ಕರಾಚಿ ಬಂದರಿನಿಂದ ಎರಡು ದಾರಿ. ಒಂದು ಪೇಶಾವರ, ಖೈಬರ್ ಕಣಿವೆ ದಾಟಿ ತೋರ್ಖಮ್ ಗಡಿಯಿಂದ ಕಾಬೂಲ್‌ಗೆ. ಇನ್ನೊಂದು ಕ್ವೆಟ್ಟಾ, ಚಮನ್ ಮೂಲಕ ಕಂದಹಾರ್‌ಗೆ. ಕರಾಚಿಯಿಂದ ಕಾಬೂಲ್‌ಗೆ ಸುಮಾರು 1,700 ಕಿಲೋಮೀಟರ್. ಲೀಟರಿಗೆ ಎರಡು ಕಿಲೋಮೀಟರ್ ಓಡುವ ಟ್ಯಾಂಕರ್ 20,000 ಲೀಟರ್ ಹೊತ್ತು ಹೋಗಿಬಂದರೆ ಕುಡಿಯುವುದು 1,700 ಲೀಟರ್, ಅಂದರೆ ನೂರಕ್ಕೆ ಎಂಟೂವರೆ. ಇಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದೊಡ್ಡ ನೆಲೆಯಿಂದ ಗುಡ್ಡದ ಮೇಲಿನ ಪುಟ್ಟ ಠಾಣೆಗೆ ಹೋಗುವ ಕೊನೆಯ ಹಂತದಲ್ಲಿ ಖರ್ಚು ಹಿಗ್ಗುತ್ತದೆ. ಟ್ಯಾಂಕರಿಗೆ ಬೆಂಗಾವಲು ಬೇಕು. ನೆಲಬಾಂಬಿಗೆ ಹೆದರಿ ಆ ಬೆಂಗಾವಲು ವಾಹನಕ್ಕೆ ದಪ್ಪ ಉಕ್ಕಿನ ಕವಚ ಹಾಕಿದರೆ ಅದು ಹನ್ನೆರಡು ಟನ್ ದಾಟುತ್ತದೆ, ಇನ್ನಷ್ಟು ಇಂಧನ ಕೇಳುತ್ತದೆ. ಆ ಇಂಧನ ತರಲು ಮತ್ತೊಂದು ಟ್ಯಾಂಕರ್, ಅದಕ್ಕೆ ಮತ್ತೆ ಬೆಂಗಾವಲು. 2007ರ ಅಂಕಿಅಂಶ ಹಿಡಿದು ಅಮೆರಿಕದ ಸೇನೆಯೇ ಮಾಡಿಸಿದ ಅಧ್ಯಯನದ ಪ್ರಕಾರ, ಅಫ್ಘಾನಿಸ್ತಾನದಲ್ಲಿ ಇಂಧನ ಸಾಗಿಸುವ ವಾಹನ ಸಾಲು 24 ಸಲ ಹೊರಟರೆ ಒಬ್ಬರು ಸಾಯುತ್ತಿದ್ದರು ಅಥವಾ ಗಾಯಗೊಳ್ಳುತ್ತಿದ್ದರು.

ಅದು ಸೇನೆ ಇಟ್ಟ ಲೆಕ್ಕ. ಟ್ಯಾಂಕರ್ ಓಡಿಸುತ್ತಿದ್ದವರು ಬಹುಪಾಲು ಪಾಕಿಸ್ತಾನದ ಮತ್ತು ಅಫ್ಘಾನಿಸ್ತಾನದ ಬಡ ಚಾಲಕರು. ಬಣ್ಣದ ಚಿತ್ತಾರ, ಮುಂದೆ ಜೋತುಬಿಟ್ಟ ಗೆಜ್ಜೆ ಸರಪಳಿಗಳ ಲಾರಿ ಅವರದು. 2008ರ ಡಿಸೆಂಬರಿನಲ್ಲಿ ಪೇಶಾವರದ ಲಾರಿ ನಿಲ್ದಾಣಗಳಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಬೆಂಕಿಗೆ ಬಿದ್ದವು. 2010ರಲ್ಲಿ ಅಮೆರಿಕ ಮತ್ತದರ ಮಿತ್ರರ ಸೇನಾಕೂಟವಾದ ನ್ಯಾಟೋದ ಹೆಲಿಕಾಪ್ಟರ್ ದಾಳಿಗೆ ಪಾಕಿಸ್ತಾನಿ ಸೈನಿಕರು ಸತ್ತಾಗ ತೋರ್ಖಮ್ ಗಡಿ ಮುಚ್ಚಿತು. ದಾರಿಯಲ್ಲಿ ನಿಂತಲ್ಲೇ ನಿಂತ ಟ್ಯಾಂಕರುಗಳಿಗೆ ಬಂದೂಕುಧಾರಿಗಳು ಬೆಂಕಿ ಇಟ್ಟರು. ಈ ಚಾಲಕರ ಸಾವುನೋವನ್ನು ಸೈನಿಕರದ್ದರಷ್ಟು ಶ್ರದ್ಧೆಯಿಂದ ಎಣಿಸಲಿಲ್ಲ ಎಂಬುದು ನನಗೆ ಇಂದಿಗೂ ನುಂಗಲಾಗದ ಸಂಗತಿ.

2011ರ ನವೆಂಬರ್ 26ರಂದು ಪಾಕಿಸ್ತಾನದ ಗಡಿಯ ಸಲಾಲಾ ಎಂಬಲ್ಲಿ ನ್ಯಾಟೋ ದಾಳಿಗೆ 24 ಪಾಕಿಸ್ತಾನಿ ಸೈನಿಕರು ಬಲಿಯಾದರು. ಪಾಕಿಸ್ತಾನ ಎರಡೂ ಬಾಗಿಲು ಹಾಕಿತು. ಏಳು ತಿಂಗಳು ತೆರೆಯಲಿಲ್ಲ. ಬಳಸುದಾರಿಗಳಿಂದಾಗಿ ತಿಂಗಳಿಗೆ 10 ಕೋಟಿ ಡಾಲರ್ ಹೆಚ್ಚುವರಿ ಖರ್ಚಾಗುತ್ತಿದೆ ಎಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ಲಿಯಾನ್ ಪನೆಟ್ಟಾ ಹೇಳಿದರು. 2012ರ ಜುಲೈ 3ರಂದು ಅಮೆರಿಕದ ಅಂದಿನ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಪಾಕಿಸ್ತಾನದ ವಿದೇಶಾಂಗ ಸಚಿವೆಗೆ ಫೋನ್ ಮಾಡಿ ವಿಷಾದ ಹೇಳಿದ ಮೇಲೆಯೇ ಲಾರಿಗಳು ಮತ್ತೆ ಹೊರಟವು.

ಆ ಏಳು ತಿಂಗಳು ಸೇನೆಯನ್ನು ಉಳಿಸಿದ್ದು ಬಹುಮಟ್ಟಿಗೆ ಉತ್ತರದ ರೈಲು ದಾರಿ. 2009ರಲ್ಲಿ ಶುರುವಾದ ಈ ಜಾಲದಲ್ಲಿ ಸರಕು ಬಾಲ್ಟಿಕ್ ಕಡಲ ದಡದ ಲಾಟ್ವಿಯಾ ದೇಶದ ರೀಗಾ ಬಂದರಿನಲ್ಲಿ ಇಳಿದು, ರಷ್ಯಾ, ಕಝಾಕಿಸ್ತಾನ, ಉಜ್ಬೇಕಿಸ್ತಾನ ಹಾದು ಗಡಿಯ ಹೈರತಾನ್ ಮುಟ್ಟುತ್ತಿತ್ತು. ಸುಮಾರು 5,000 ಕಿಲೋಮೀಟರ್. ಇಷ್ಟು ಉದ್ದದ ದಾರಿ ಸಾಧ್ಯವಾದದ್ದಕ್ಕೆ ಕಾರಣ ಹಳಿಗಳ ಅಗಲ. ಹಳೆಯ ಸೋವಿಯತ್ ಒಕ್ಕೂಟದ ಉದ್ದಗಲಕ್ಕೂ ಹಳಿಗಳ ನಡುವಿನ ಅಂತರ 1,520 ಮಿಲಿಮೀಟರ್. ಲಾಟ್ವಿಯಾ ನ್ಯಾಟೋ ಸೇರಿದ್ದರೂ ಅಲ್ಲಿನ ಹಳಿ ಸೋವಿಯತ್ ಅಳತೆಯದೇ ಉಳಿದಿತ್ತು. ಹಾಗಾಗಿ ಹಳಿಯ ಅಳತೆ ಬದಲಾಯಿತೆಂದು ದಾರಿಯಲ್ಲೆಲ್ಲೂ ಸರಕು ಇಳಿಸಿ ಏರಿಸಬೇಕಾಗಿರಲಿಲ್ಲ. ಮೇಲಾಗಿ ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ಎದುರಾಗುವ ತಡೆ, ಡಾಂಬರಿನ ಮೇಲಿನ ರಬ್ಬರ್ ಟೈರಿನದರಲ್ಲಿ ಮೂರನೇ ಒಂದು ಪಾಲೂ ಇರುವುದಿಲ್ಲ. ಸೋವಿಯತ್ ಸೇನೆ 1980ರ ದಶಕದಲ್ಲಿ ತನ್ನ ಯುದ್ಧಕ್ಕೆ ಬಳಸಿದ ಗಡಿದಾರಿಯನ್ನೇ ನ್ಯಾಟೋ ಹಿಡಿದಿತ್ತು. ಆದರೆ ರೈಲಿನಲ್ಲಿ ಆಯುಧ ಸಾಗಿಸುವಂತಿರಲಿಲ್ಲ. ಆಹಾರ, ಕಟ್ಟಡ ಸಾಮಗ್ರಿ, ಇಂಧನದಂಥ ಸರಕಿಗೆ ಮಾತ್ರ ಒಪ್ಪಿಗೆ.

ಹಳಿ ಮುಗಿದ ಮೇಲೆ ಹಿಂದೂಕುಶ್ ಎದುರು ನಿಲ್ಲುತ್ತದೆ. ಅದನ್ನು ದಾಟಿಸುವುದು 1964ರಲ್ಲಿ ಸೋವಿಯತ್ ಎಂಜಿನಿಯರುಗಳು ಕೊರೆದ ಸಲಾಂಗ್ ಸುರಂಗ. ಉದ್ದ ಸುಮಾರು 2.7 ಕಿಲೋಮೀಟರ್, ಎತ್ತರ 3,300 ಮೀಟರಿನ ಆಸುಪಾಸು. ಅಲ್ಲಿ ಗಾಳಿಯ ಒತ್ತಡ ಕಡಲತೀರದ ಮೂರನೇ ಎರಡು ಪಾಲಷ್ಟೇ. ಆಮ್ಲಜನಕ ಕಡಿಮೆಯಾದಂತೆ ಎಂಜಿನ್ನಿನ ಕಸುವು ಕುಗ್ಗುತ್ತದೆ, ಇಂಧನ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಸುರಂಗದೊಳಗೆ ಆ ಹೊಗೆಗೆ ಹೋಗಲು ಜಾಗವಿಲ್ಲ. ಇಳಿಜಾರಿನ ಹಿಮದಲ್ಲಿ ಲಾರಿ ಸಾಲು ನಿಂತುಬಿಟ್ಟರೆ ಒಳಗಿದ್ದವರ ಗತಿ ಊಹಿಸಿಕೊಳ್ಳಿ. 1982ರಲ್ಲಿ ಸೋವಿಯತ್ ವಾಹನ ಸಾಲು ಹಾಗೆ ಸಿಕ್ಕಿಬಿದ್ದಾಗ ನೂರಕ್ಕೂ ಹೆಚ್ಚು ಜನ ಸತ್ತರು. 2010ರ ಫೆಬ್ರುವರಿಯಲ್ಲಿ ಅದೇ ಕಣಿವೆಯಲ್ಲಿ ಹಿಮಕುಸಿತಕ್ಕೆ 150ಕ್ಕೂ ಹೆಚ್ಚು ಜನ ಬಲಿಯಾದರು.

ಹಾಗಾದರೆ ಆಕಾಶಮಾರ್ಗ? ಅಮೆರಿಕದ ಸೇನಾ ಸರಕು ವಿಮಾನ ಸಿ-17 ಹೆಚ್ಚೆಂದರೆ 77 ಟನ್ ಹೊರುತ್ತದೆ, ಗಂಟೆಗೆ ಸುಮಾರು 9 ಟನ್ ಇಂಧನ ಸುಡುತ್ತದೆ. ಪರ್ಷಿಯನ್ ಕೊಲ್ಲಿಯ ನೆಲೆಯಿಂದ ಮೂರು ಗಂಟೆ ಹೋಗಿ ಮೂರು ಗಂಟೆ ಬಂದರೆ 54 ಟನ್. ಗುಂಡು, ಔಷಧ, ತುರ್ತು ಬಿಡಿಭಾಗಗಳಿಗೆ ಇದು ಸರಿ. ನೀರಿನ ಬಾಟಲಿಗೆ ಈ ಲೆಕ್ಕ ಗಿಟ್ಟುವುದಿಲ್ಲ.

ಇನ್ನು ನೆಲದ ಮೇಲಿನ ಕೊನೆಯ ಹಂತದ ಗುತ್ತಿಗೆಯ ಕಥೆ ಕೇಳಿದರೆ ಮೈ ಉರಿಯುತ್ತದೆ. ಅಫ್ಘಾನಿಸ್ತಾನದೊಳಗಿನ ಸಾಗಣೆಗೆ ಅಮೆರಿಕ ಕೊಟ್ಟಿದ್ದ ಗುತ್ತಿಗೆಯ ಮೊತ್ತ 216 ಕೋಟಿ ಡಾಲರ್. ಲಾರಿಗಳನ್ನು ಕಾಯುವ ಹೊಣೆಯೂ ಗುತ್ತಿಗೆದಾರರದೇ. ಅವರು ದಾರಿಯ ಸ್ಥಳೀಯ ಪಾಳೆಗಾರರಿಗೆ ಕಾವಲಿನ ಹೆಸರಲ್ಲಿ ಹಣ ಕೊಡುತ್ತಿದ್ದರು, ಅದರಲ್ಲಿ ಒಂದಿಷ್ಟು ತಾಲಿಬಾನಿಗೂ ಸೇರುತ್ತಿದ್ದಿರಬಹುದು ಎಂದು 2010ರ ಜೂನ್‌ನಲ್ಲಿ ಅಮೆರಿಕದ ಸಂಸದೀಯ ಉಪಸಮಿತಿಯ ತನಿಖೆ ಹೇಳಿತು. ಯಾರ ವಿರುದ್ಧ ಕಾದಾಡುತ್ತಿದ್ದರೋ ಅವರಿಗೇ ಸುಂಕ.

ಪರಿಹಾರ ಹೊಳೆದದ್ದು ದಾರಿಯ ಆಚೆ ತುದಿಯಲ್ಲಿ. ಠಾಣೆಯಲ್ಲಿ ಒಂದು ಲೀಟರ್ ಉಳಿಸಿದರೆ ಅದರ ಹಿಂದಿನ ಟ್ಯಾಂಕರ್, ಬೆಂಗಾವಲು, ಸುಂಕ ಎಲ್ಲವೂ ಅಷ್ಟರಮಟ್ಟಿಗೆ ಉಳಿಯುತ್ತವೆ. ಮೊದಲ ಕೆಲಸ ಡೇರೆಗಳದು. ಬಿರುಬಿಸಿಲಿನಲ್ಲಿ ತೆಳು ಬಟ್ಟೆಯ ಡೇರೆ ತಂಪು ಮಾಡುವುದೆಂದರೆ ಹೊರಗಿನ ಗಾಳಿಗೆ ಇಂಧನ ಸುರಿದಂತೆಯೇ. ಅವುಗಳ ಮೇಲೆ ಶಾಖ ತಡೆಯುವ ನೊರೆಯನ್ನು ಸಿಂಪಡಿಸಿ ಗಟ್ಟಿಯಾಗಿಸಿದರು. 2010ರಲ್ಲಿ ಹೆಲ್ಮಂದ್ ಪ್ರಾಂತದ ಸಂಗಿನ್‌ಗೆ ಹೋದ ಅಮೆರಿಕದ ಮರೀನ್ ಪಡೆಯ ಒಂದು ತುಕಡಿ ಮಡಚುವ ಸೌರಫಲಕಗಳನ್ನು ಹೊತ್ತೊಯ್ದಿತು. ಒಂದು ಠಾಣೆಯ ಜನರೇಟರ್ ದಿನಕ್ಕೆ ಸುಮಾರು 75 ಲೀಟರ್ ಕುಡಿಯುತ್ತಿದ್ದದ್ದು 10 ಲೀಟರಿಗೂ ಕೆಳಗಿಳಿಯಿತು. ಗಸ್ತಿಗೆ ಹೊರಟವರ ಬೆನ್ನಿನ ಬ್ಯಾಟರಿ ಹೊರೆಯೂ ತಗ್ಗಿತು. ಇದನ್ನು 2002ರಲ್ಲೇ ಮಾಡಿದ್ದರೆ ಎಷ್ಟು ಚಾಲಕರು ಮನೆಗೆ ಮರಳುತ್ತಿದ್ದರೋ.

ಒಳಗೆ ತಂದದ್ದನ್ನು ಹೊರಗೆ ಒಯ್ಯುವುದೂ ಅಷ್ಟೇ ದುಬಾರಿ. 2013ರ ಹೊತ್ತಿಗೆ ಅಮೆರಿಕ ಸುಮಾರು 77,000 ಟನ್ ವಾಹನ, ಸಲಕರಣೆಗಳನ್ನು ಅಲ್ಲೇ ಕತ್ತರಿಸಿ ಗುಜರಿಗೆ ಹಾಕಿತ್ತು. 2015ರಲ್ಲಿ ರಷ್ಯಾ ತನ್ನ ದಾರಿಯನ್ನೂ ಮುಚ್ಚಿತು. ಸೈನಿಕರು ಹೋಗಿ ವರ್ಷಗಳಾದರೂ ಬಾಗಿಲಿನ ಪ್ರಶ್ನೆ ಅಫ್ಘನ್ನರನ್ನು ಬಿಟ್ಟಿಲ್ಲ. ಪಾಕಿಸ್ತಾನದೊಂದಿಗೆ ಜಗಳವಾದಾಗಲೆಲ್ಲ ತೋರ್ಖಮ್ ಮುಚ್ಚುತ್ತದೆ, ದ್ರಾಕ್ಷಿ ದಾಳಿಂಬೆ ತುಂಬಿದ ಲಾರಿಗಳು ಸಾಲುಗಟ್ಟುತ್ತವೆ. ಇರಾನ್ ಗಡಿಯ ಝರಂಜ್‌ನಿಂದ ದೆಲಾರಾಮ್‌ವರೆಗೆ ನಮ್ಮ ಗಡಿ ರಸ್ತೆಗಳ ಸಂಸ್ಥೆ 2009ರ ಹೊತ್ತಿಗೆ ಕಟ್ಟಿಕೊಟ್ಟ ಸುಮಾರು 218 ಕಿಲೋಮೀಟರ್ ರಸ್ತೆ ಚಾಬಹಾರ್ ಬಂದರಿನ ಕಡೆಗೆ ಇನ್ನೊಂದು ದಾರಿ ತೆರೆದಿದೆ. 2017ರ ಅಕ್ಟೋಬರಿನಲ್ಲಿ ಗುಜರಾತಿನ ಕಾಂಡ್ಲಾದಿಂದ ಹೊರಟ ಭಾರತದ ಗೋಧಿ ಚಾಬಹಾರ್‌ನಲ್ಲಿ ಇಳಿದು, ಪಾಕಿಸ್ತಾನದ ನೆಲ ಮುಟ್ಟದೆ ಅಫ್ಘಾನಿಸ್ತಾನ ತಲುಪಿತು.