44ನೇ ವಯಸ್ಸಿನಲ್ಲಿ ಕೆಲಸ ಹೋಗಿದೆ, ಪಿಎಫ್ ತೆಗೆದು ಕೋರ್ಸ್ ಸೇರಲೇ?

ಪ್ರಶ್ನೆ: ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ 11 ವರ್ಷ ಲೇತ್ ಟರ್ನರ್ (ಲೋಹವನ್ನು ತಿರುಗಿಸಿ ಕೆತ್ತುವವ) ಆಗಿದ್ದೆ. ಈಗ ತೆಗೆದುಹಾಕಿದ್ದಾರೆ. ಎಲ್ಲರೂ ಕಂಪ್ಯೂಟರ್ ಕೋರ್ಸ್ ಮಾಡು ಅನ್ನುತ್ತಾರೆ. ಪಿಎಫ್ ಹಣ ಹಾಕಿ ಸೇರಲೇ?

ಉತ್ತರ: ಬೇಡ. ಮೊದಲು ಕಂಪನಿಯಿಂದ ಬರಬೇಕಾದದ್ದನ್ನು ವಸೂಲು ಮಾಡಿಕೊಳ್ಳಿ, ಆಮೇಲೆ ಕಲಿಕೆ. ಕಲಿಯುವುದು ಕೂಡ ನಿಮಗೆ ಗೊತ್ತಿರುವ ಕೆಲಸದ ಪಕ್ಕದ್ದಾಗಿರಲಿ.

ಎಚ್‌ಆರ್‌ನವರು ರಾಜೀನಾಮೆ ಪತ್ರ ಮುಂದಿಟ್ಟರೆ ಸಹಿ ಹಾಕುವ ಮುಂಚೆ ಯೋಚಿಸಿ. ಅವರೇ ತೆಗೆದರೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದಷ್ಟು ಪರಿಹಾರ ಕೊಡಬೇಕು. ನೀವೇ ಬಿಟ್ಟಿರಿ ಎಂದಾದರೆ ಅದು ಕೈತಪ್ಪುತ್ತದೆ. ಗ್ರಾಚ್ಯುಟಿ ಬೇರೆಯೇ ಲೆಕ್ಕ: ಕೊನೆಯ ಮೂಲವೇತನ ಮತ್ತು ಡಿಎ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಮೂಲವೇತನ, ಡಿಎ ಸೇರಿ 26,000 ಇದ್ದರೆ 11 ವರ್ಷಕ್ಕೆ 1,65,000 ರೂಪಾಯಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ, ಕೆಲಸದಿಂದ ತೆಗೆದವರ ಮರುತರಬೇತಿಗೆಂದು ಮಾಲೀಕರು 15 ದಿನದ ವೇತನ ಕಟ್ಟಬೇಕೆಂಬ ನಿಯಮವೂ ಇದೆ. ಕಾರ್ಮಿಕ ಇಲಾಖೆಯಲ್ಲಿ ಇದನ್ನು ‘ರೀಸ್ಕಿಲಿಂಗ್ ಫಂಡ್’ ಎಂದು ಹೆಸರು ಹೇಳಿಯೇ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಿ. ಕಂಪನಿ ಹಾಕದಿದ್ದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಆನ್‌ಲೈನಿನಲ್ಲಿ ಹಾಕಬಹುದು. ಕ್ಲೇಮುಗಳು ಎಷ್ಟೋ ಸಲ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ.

ಈಗ ಕಲಿಕೆ. ಮೈಕ್ರೊಮೀಟರ್ ಓದುವುದು, ಡ್ರಾಯಿಂಗಿನ ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) ಹಿಡಿಯುವುದು, ಎಂಎಸ್‌ಗೂ (ಮೈಲ್ಡ್ ಸ್ಟೀಲ್) ಸ್ಟೇನ್‌ಲೆಸ್‌ಗೂ ಎಷ್ಟು ಸ್ಪೀಡು ಎಂಬ ಅಂದಾಜು, ಇವೆಲ್ಲ ನಿಮಗೆ ಬರುತ್ತವೆ. ಹೊಸಬರಿಗೆ ಇದು ಕೈಗೆ ಹತ್ತಲು ವರ್ಷಗಳು ಬೇಕು. ಡೇಟಾ ಎಂಟ್ರಿ ಕಲಿತರೆ ಅಷ್ಟೂ ನೀರುಪಾಲು. ಸಿಎನ್‌ಸಿ ಟರ್ನಿಂಗ್‌ಗೆ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಲೇತಿಗೆ, ಹೋಗಿ. ಅದರಲ್ಲೂ ಗುರಿ ಮಷೀನನ್ನು ಕೆಲಸಕ್ಕೆ ಸಜ್ಜುಗೊಳಿಸುವ ಸೆಟ್ಟರ್ ಕೆಲಸವಾಗಿರಲಿ. ಜಾಬ್ (ಕೆತ್ತಬೇಕಾದ ಲೋಹದ ತುಂಡು) ಹಾಕಿ ತೆಗೆಯುವ ಆಪರೇಟರಾಗಿ ಉಳಿದರೆ ಸಂಬಳ ಏರುವುದು ಕಷ್ಟ.

ಹೊಸದಾಗಿ ಕಲಿಯಬೇಕಾದದ್ದು ಪ್ರೋಗ್ರಾಂ ಓದುವುದು ಮತ್ತು ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ) ಹಾಕುವುದು. ಹಳೆಯ ಟರ್ನರುಗಳು ಎಡವುವುದು ವ್ಯಾಸದ ಲೆಕ್ಕದಲ್ಲಿ. ಶಾಫ್ಟ್ 30.00 ಮಿ.ಮೀ. ಬರಬೇಕಿತ್ತು, ಅಳೆದರೆ 30.04 ಇದೆ ಎನ್ನಿ. ಡಯಲ್ ರೇಡಿಯಸ್ ಲೆಕ್ಕದ್ದಾಗಿದ್ದರೆ ಲೇತಿನಲ್ಲಿ 0.02 ಒಳಗೆ ಕೊಡುತ್ತಿದ್ದಿರಿ. ಸಿಎನ್‌ಸಿಯಲ್ಲಿ ಎಕ್ಸ್ (ಟೂಲು ಜಾಬಿನ ನಡುವಿನತ್ತ ಸರಿಯುವ ದಿಕ್ಕಿನ ಅಳತೆ) ಸಾಮಾನ್ಯವಾಗಿ ವ್ಯಾಸವೇ, ಆದ್ದರಿಂದ ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್‌ನಲ್ಲಿ ಮೈನಸ್ 0.04 ಹಾಕಬೇಕು. ಕೈತಪ್ಪಿ ಪ್ಲಸ್ ಹಾಕಿದರೆ ಮುಂದಿನ ಪೀಸು 30.08 ಆಗಿ ಬರುತ್ತದೆ. ಅದನ್ನು ಮತ್ತೆ ಹೊಡೆಯಬಹುದು. ಅಳತೆ ಕಡಿಮೆಯಾದರೆ ಪೀಸು ಸ್ಕ್ರ್ಯಾಪ್.

ಇನ್ನೊಂದು ಅಪಾಯ ದಶಮಾಂಶ ಚುಕ್ಕಿಯದ್ದು. ಚುಕ್ಕಿ ಇಲ್ಲದೆ ಎಕ್ಸ್ 50 ಎಂದು ಬರೆದರೆ ಎಷ್ಟೋ ಫ್ಯಾನಕ್ ಕಂಪನಿಯ ಕಂಟ್ರೋಲುಗಳು ಅದನ್ನು 0.050 ಮಿ.ಮೀ. ಎಂದು ಓದುತ್ತವೆ. ಟೂಲು ಸೀದಾ ಜಾಬಿನ ನಡುವಿಗೆ ನುಗ್ಗುತ್ತದೆ. ಜೊತೆಗೆ ಜಿ01 (ಫೀಡಿನಲ್ಲಿ ನಿಧಾನ ಕತ್ತರಿಸುವ ಆದೇಶ) ಇರಬೇಕಾದ ಕಡೆ ಜಿ00 (ವೇಗವಾಗಿ ಸರಿಯುವ ಆದೇಶ) ಇದ್ದರೆ, ಫೀಡಿನಲ್ಲಲ್ಲ, ಪೂರ್ಣ ವೇಗದಲ್ಲೇ. ಹಾಗಾಗಿ ಹೊಸ ಪ್ರೋಗ್ರಾಮನ್ನು ಮೊದಲು ಸಿಂಗಲ್ ಬ್ಲಾಕಿನಲ್ಲಿ (ಒಂದೊಂದೇ ಸಾಲು), ರ್‍ಯಾಪಿಡ್ ಓವರ್‌ರೈಡ್ ಇಳಿಸಿ (ವೇಗ ಕಡಿಮೆ ಮಾಡಿ), ಟೂಲನ್ನು ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಮೇಲೆ ಬೆರಳಿಟ್ಟುಕೊಂಡೇ ಓಡಿಸಬೇಕು.

ಎಲ್ಲಿ ಕಲಿಯುವುದು? ಸರ್ಕಾರದ ತರಬೇತಿ ಸಂಸ್ಥೆ ಜಿಟಿಟಿಸಿಯಲ್ಲಿ ಅಲ್ಪಾವಧಿಯ ಸಿಎನ್‌ಸಿ ಕೋರ್ಸುಗಳಿವೆ; ಮೊದಲು ಅಲ್ಲಿ ವಿಚಾರಿಸಿ. ಖಾಸಗಿಯವರಲ್ಲಿ ‘ನೂರಕ್ಕೆ ನೂರು ಉದ್ಯೋಗ’ ಎಂಬ ಬೋರ್ಡು ನೋಡಿ ಮರುಳಾಗಬೇಡಿ, ಒಬ್ಬರಿಗೆ ಮಷೀನ್ ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳಿ. 20 ಜನರಿಗೆ ಒಂದೇ ಮಷೀನ್, ದಿನಕ್ಕೆ ಎರಡು ಗಂಟೆ ಎಂದರೆ ನಿಮ್ಮ ಪಾಲಿಗೆ ಆರು ನಿಮಿಷ. ಉಳಿದದ್ದೆಲ್ಲ ಬೋರ್ಡಿನ ಮೇಲಿನ ಪಾಠ. ಫೀ ಫಾರ್ಮಿನ ಜೊತೆಗೆ ಸಾಲದ ಅರ್ಜಿಗೂ ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಆ ಇಎಂಐ ಬಿಡುವುದಿಲ್ಲ.

ಇಂಟರ್‌ವ್ಯೂಗೆ ಹೋದಾಗ ಸರ್ಟಿಫಿಕೇಟ್ ತೋರಿಸಿ ಸುಮ್ಮನಾಗಬೇಡಿ. ಒಂದು ಡ್ರಾಯಿಂಗ್ ಕೊಟ್ಟು ಟ್ರಯಲ್ ತೆಗೆದುಕೊಳ್ಳಿ ಎಂದು ನೀವೇ ಕೇಳಿ. ಮೊದಲ ಪೀಸನ್ನು ನೀವು ಅಳೆಯುವ ರೀತಿ ನೋಡಿಯೇ ಫೋರ್‌ಮನ್‌ಗೆ 11 ವರ್ಷದ ಅನುಭವ ಗೊತ್ತಾಗುತ್ತದೆ.